ಎರವಲು ಕೊಟ್ಟ ಸಭೆ

ಹಣವನ್ನು ಸಾಲ ಕೊಡುವವರುಂಟು. ಪುಸ್ತಕವನ್ನು ಎರವಲು ಕೊಟ್ಟು ಕಳೆದುಕೊಳ್ಳುವ ಪುಣ್ಯಾತ್ಮರೂ ಉಂಟು. ಆದರೆ ತನ್ನ ಹಾಡು ಕೇಳಲೆಂದೇ ಟಿಕೆಟ್ಟು ಕೊಂಡು ಬಂದು ಕುಳಿತ ಸಭೆಯನ್ನು ಇನ್ನೊಬ್ಬನಿಗೆ ಎರವಲು ಕೊಡುವ ಕಲಾವಿದರು ಎಷ್ಟು ಮಂದಿ?

1963ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಗಾಯಕಿ ಜೋನ್ ಬಯೆಜ್ ಇದನ್ನು ಊರೂರಿನಲ್ಲಿ ಮಾಡಿದಳು. ಆಕೆಗೆ ಆಗ 22 ವರ್ಷ. ಹಿಂದಿನ ವರ್ಷವೇ ‘ಟೈಮ್’ ಪತ್ರಿಕೆಯ ಮುಖಪುಟವನ್ನು ಅಲಂಕರಿಸಿದ್ದವಳು. ತನ್ನ ಕಚೇರಿಯ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ, ತನ್ನದೇ ವಯಸ್ಸಿನ ಬಾಬ್ ಡಿಲನ್ನನನ್ನು ವೇದಿಕೆಗೆ ಕರೆದು ನಿಲ್ಲಿಸುತ್ತಿದ್ದಳು. ಆಕೆಯ ಶುಭ್ರವಾದ ತಾರಸ್ವರವನ್ನು ಸವಿಯಲು ಬಂದವರಿಗೆ ಈ ಒರಟು ಮೂಗುದನಿ ರುಚಿಸದೆ ಕೆಲವೆಡೆ ಗೊಣಗಾಟವೂ ಎದ್ದಿತು. ಆಕೆ ಕರೆಯುವುದನ್ನು ಬಿಡಲಿಲ್ಲ.

ನಮ್ಮ ಜುಗಲ್‌ಬಂದಿಯಲ್ಲಾದರೆ ತಬಲದವನೊಬ್ಬ ನಡುವೆ ಕುಳಿತು ಇಬ್ಬರನ್ನೂ ಕಾಯುತ್ತಾನೆ. ಇಲ್ಲಿ ಪಕ್ಕವಾದ್ಯವೆಂಬುದೇ ಇಲ್ಲ. ಗಿಟಾರು, ಡಿಲನ್ನನ ಕೊರಳಿಗೆ ತೂಗಿದ ಮೌತ್ ಆರ್ಗನ್, ಅಷ್ಟೆ. ಪದ ಕಟ್ಟಿದವನೇ ಹಾಡುವವನು. (ತಂಬೂರಿ ಹಿಡಿದ ದಾಸರ ನಾಡಿನವರಿಗೆ ಇದು ಹೊಸತೇನಲ್ಲ.) ಅಂಥವನು ಯಾವ ಸಾಲನ್ನು ಎಳೆಯುವನೋ, ಯಾವುದನ್ನು ನುಂಗುವನೋ! ಜತೆಗೆ ಹಾಡುವವಳು ಅವನ ತುಟಿಯನ್ನೇ ನೋಡುತ್ತ ಹಾಡಬೇಕು.

1965ರ ಮಾರ್ಚ್ ತಿಂಗಳಲ್ಲಿ ಇಬ್ಬರೂ ಸರಿಸಮಾನರಾಗಿ ಕಚೇರಿಗಳನ್ನು ಹಂಚಿಕೊಂಡು ಹಾಡಿದರು. ಏಪ್ರಿಲ್ ಕೊನೆಗೆ ಡಿಲನ್ ಇಂಗ್ಲೆಂಡಿಗೆ ಹೊರಟ; ಆಕೆಯೂ ಹೋದಳು. ಅಲ್ಲಿ ಸಭಾಗೃಹಗಳು ಅವನ ಹೆಸರಿಗೇ ತುಂಬಿದವು. ಆಕೆಗೆ ವೇದಿಕೆಯಿಂದ ಕರೆ ಬರಲಿಲ್ಲ. ಆ ಪ್ರವಾಸವನ್ನು ಕುರಿತು ಪೆನ್ನಿಬೇಕರ್ ತೆಗೆದು 1967ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಆಕೆ ಹಾಡುವುದು ಹೋಟೆಲಿನ ಕೋಣೆಯಲ್ಲಿ. ಅದೇ ಕೋಣೆಯಲ್ಲಿ ಡಿಲನ್ ಟೈಪ್‌ರೈಟರಿನ ಮುಂದೆ ಕುಳಿತಿರುತ್ತಾನೆ.

ಕೃತಘ್ನನೆಂದು ಒಂದು ಮಾತಿನಲ್ಲಿ ತೀರ್ಪು ಕೊಡುವುದು ಸುಲಭ. ತನ್ನ ವೇದಿಕೆಗೆ ಯಾರನ್ನು ಕರೆಯಬೇಕೆಂಬುದು ಕಲಾವಿದನ ಹಕ್ಕು, ಒಪ್ಪೋಣ. ಆದರೆ ಆ ಹಕ್ಕು 1963ರಲ್ಲಿ ಆಕೆಗೂ ಇತ್ತಷ್ಟೆ? ಗೊಣಗುವ ಸಭೆಯ ಮುಂದೆ ಆಕೆ ಅದನ್ನು ಹೇಗೆ ಚಲಾಯಿಸಿದಳೆಂಬುದನ್ನು ಮರೆಯುವುದು ನನಗಂತೂ ಸಾಧ್ಯವಿಲ್ಲ.

ಆಕೆ ಮುನಿದು ಕುಳಿತಳೆ? 1968ರಲ್ಲಿ ಕೇವಲ ಡಿಲನ್ನನ ರಚನೆಗಳನ್ನೇ ಹಾಡಿ ಎರಡು ತಟ್ಟೆಗಳ ಧ್ವನಿಮುದ್ರಿಕೆಯನ್ನು ಹೊರತಂದಳು. ಮನಸ್ಸಿನ ನೋವಿಗೆ ತನ್ನದೇ ಪದ ಕಟ್ಟಲು ಇನ್ನೂ ಕೆಲವು ವರ್ಷ ಹಿಡಿಯಿತು. ‘ಡೈಮಂಡ್ಸ್ ಅಂಡ್ ರಸ್ಟ್’ ಪ್ರಕಟವಾದುದು 1975ರಲ್ಲಿ. ಆ ವರ್ಷದ ಶರತ್ಕಾಲದಲ್ಲಿ ಡಿಲನ್ ದೊಡ್ಡ ತಂಡ ಕಟ್ಟಿಕೊಂಡು ಸಂಚಾರ ಹೊರಟಾಗ ಆಕೆಗೂ ಕರೆ ಬಂದಿತು. ಇಬ್ಬರೂ ಒಂದೇ ಮೈಕಿನ ಮುಂದೆ ನಿಂತು ಹಾಡಿದರು.