ಸೆಲ್ಫ್ ಸೋಮಾರಿಯಾದಾಗ

ಕೀ ತಿರುಗಿಸಿದರೆ 'ಟಕ್' ಅಂತ ಸದ್ದು, ಎರಡು ಸೆಕೆಂಡು ಮೌನ, ಆಮೇಲೆ ಸೆಲ್ಫ್ ಹಿಡಿಯುತ್ತೆ. ಕೋಲ್ಕತ್ತದ ಮಳೆಗಾಲದಲ್ಲಿ ನಮ್ಮ ಹಳೇ ಅಂಬಾಸಡರ್‌ಗೆ ಬಂದ ರೋಗ ಇದು. ಇಲ್ಲೇ ಉತ್ತರಪಾಡಾದಲ್ಲಿ ಹುಟ್ಟಿದ ಗಾಡಿ (2014ರಲ್ಲಿ ಆ ಕಾರ್ಖಾನೆಯೇ ನಿಂತಿತು, ಬಿಡಿ). ಮೆಕ್ಯಾನಿಕ್ ದಾದಾ ಬಾನೆಟ್ಟನ್ನೂ ಎತ್ತದೆ "ಹೊಸ ಸೆಲ್ಫ್ ಹಾಕಿಸಿ" ಅಂದುಬಿಟ್ಟರು. ತಾಳೆ ನೋಡದೆ ವೋಚರಿಗೆ ಸಹಿ ಹಾಕೋದುಂಟೇ ಸ್ವಾಮಿ? ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ 12.6 ವೋಲ್ಟ್, ಸರಿಯಾಗೇ ಇದೆ. ಮಗ ಕೀ ತಿರುಗಿಸುವಾಗ ಬ್ಯಾಟರಿಯ ನೆಗೆಟಿವ್‌ಗೂ ಇಂಜಿನ್ನಿನ ಮೈಗೂ ನಡುವೆ ಅಳೆದೆ: ಒಂದು ವೋಲ್ಟಿಗೂ ಮೇಲೆ! ಅರ್ಧ ವೋಲ್ಟ್ ದಾಟಬಾರದು. ಅರ್ತಿಂಗ್ ಪಟ್ಟಿಗೆ ತುಕ್ಕು ಹಿಡಿದು, ಸೊಲೆನಾಯ್ಡ್ ಎಳೆಯುವಷ್ಟು ಕರೆಂಟೇ ಹೋಗುತ್ತಿರಲಿಲ್ಲ. ಮರಳು ಕಾಗದದಿಂದ ಉಜ್ಜಿ ಬಿಗಿದೆ, ತಕ್ಷಣ ಹಿಡಿಯಿತು. ಅಲ್ಲೂ ಸರಿಯಿದ್ದರೆ ಸೊಲೆನಾಯ್ಡ್ ನೋಡಬೇಕಿತ್ತು. ಮೋಟರಿನ ಸರದಿ ಅದಾದ ಮೇಲೆ.