ಐದು ನಿಮಿಷ ಸ್ಟಾರ್ಟ್ ಮಾಡಿದ್ರ ಬ್ಯಾಟರಿ ಉಳಿಯಂಗಿಲ್ಲ

ಮಗ ಬೆಂಗಳೂರಾಗ ಇರ್ತಾನ, ಅವನ ಕಾರು ಕಲ್ಲೂರಾಗ ನಮ್ಮ ಅಂಗಳದಾಗ ನಿಂತಿರ್ತದ. ಅಲ್ಲಿ ನಿಲ್ಲಿಸಾಕ ಜಾಗಾ ಇಲ್ಲಂತ ಬಿಟ್ಟು ಹೋಗ್ಯಾನ. ಹೋಗೋ ಮುಂದ, "ಅವ್ವ, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡು, ಬ್ಯಾಟರಿ ಚೊಲೋ ಇರ್ತದ" ಅಂದ. ಊರಾಗ ಎಲ್ಲಾರೂ ಇದೇ ಮಾತು ಹೇಳ್ತಾರ. ಇದು ತಪ್ಪು ಅಂತೀನಿ ನಾನು.

ನಾನೇನು ಮಾಡದ ಬಿಟ್ಟಾಕಿ ಅಲ್ಲ. ಸೋಮವಾರಕ್ಕೊಮ್ಮೆ ಪೂಜಿ ಮುಗಿಸಿ ಕಾರಿನಾಗ ಕುಂತು ಚಾವಿ ತಿರುವತಿದ್ದೆ. ಎಲ್ಲಾ ನಡೀತಾವೇನು ನೋಡಬೇಕಂತ ಲೈಟು, ಎಸಿ ಎರಡೂ ಹಾಕ್ತಿದ್ದೆ. ಐದು ನಿಮಿಷ ಆದ ಕೂಡಲೇ ಬಂದ್. ಹ್ವಾದ ಬ್ಯಾಸಿಗ್ಯಾಗ ಒಂದು ರಾತ್ರಿ ಅತ್ತಿಯವರಿಗೆ ಉಸುರು ಸಿಗವಲ್ದು, ರಾಯಚೂರಿಗೆ ಒಯ್ಯಬೇಕು. ನಮ್ಮನಿಯವರು ಚಾವಿ ತಿರುವಿದ್ರ ಟಕ್ ಅಂತು, ಸುಮ್ಮನಾತು. ಮತ್ತ ತಿರುವಿದ್ರು, ಮತ್ತ ಟಕ್. ಅತ್ತಿಯವರು ಹಿಂದಿನ ಸೀಟಿನಾಗ ಕುಂತು ನನ್ನ ಕೈ ಹಿಡಿದಿದ್ರು. ಓಣ್ಯಾಗಿನವರ ಗಾಡಿ ಎಬ್ಬಿಸಿ ಹೊರಡಬೇಕಾದ್ರ ಅರ್ಧ ತಾಸು ಹೋತು. ದೇವರ ದಯಾ, ಅತ್ತಿಯವರು ಚೊಲೋ ಆಗಿ ಬಂದ್ರು. ಆ ಅರ್ಧ ತಾಸು ಮಾತ್ರ ನನಗ ಮರೆಯಂಗಿಲ್ಲ, ವಾರಾ ವಾರಾ ಸ್ಟಾರ್ಟ್ ಮಾಡ್ತಿದ್ದಾಕಿ ನಾನೇ ಅಲ್ಲೇನು?

ಆಮ್ಯಾಲ ಬ್ಯಾಟರಿ ರಿಪೇರಿ ಮಾಡೋ ಹುಡುಗ ಬಿಡಿಸಿ ಹೇಳಿದ. ಕಾರು ಬಂದ್ ಇದ್ರೂ ಒಳಗ ಗಡಿಯಾರ, ಲಾಕು, ಕಳ್ಳರು ಮುಟ್ಟಿದ್ರ ಒದರೋ ಅಲಾರಂ ಇವೆಲ್ಲಾ ಇಷ್ಟಿಷ್ಟೇ ಕರೆಂಟ್ ಕುಡೀತಾನೇ ಇರ್ತಾವ. ಸೀಳು ಬಿಟ್ಟ ಕೊಡದಾಗ ನೀರು ಇಟ್ಟಂಗ. ಏಳು ದಿನ ಸೋರಿದ್ದು ಐದು ನಿಮಿಷದಾಗ ತುಂಬತದೇನು? ಅದರಾಗ ನಾನು ಎಸಿ ಬ್ಯಾರೆ ಹಾಕ್ತಿದ್ದೆ. ವಾರಾ ವಾರಾ ಒಂದೀಟು ಒಂದೀಟು ಕಡಿಮಿ ಆಗಿ, ಬೇಕಾದ ದಿನ ಖಾಲಿ. ಸ್ಟಾರ್ಟ್ ಮಾಡೋದಾದ್ರ ಅರ್ಧ ತಾಸಿಗಿಂತ ಹೆಚ್ಚು ರಸ್ತೆ ಮ್ಯಾಲ ಓಡಿಸಬೇಕು. ಆಗಂಗಿಲ್ಲಂದ್ರ ಬ್ಯಾಟರಿಯ ಕರಿ ವಾಯರು, ಅಂದ್ರ ಮೈನಸ್ ಗುರುತಿನದು, ಬಿಚ್ಚಿ ಇಡಬೇಕು. ಬಿಚ್ಚೋ ಮುಂದ ಮೊದಲು ಮೈನಸ್, ಜೋಡಿಸೋ ಮುಂದ ಕಡೀಗೆ ಮೈನಸ್. ಉಲ್ಟಾ ಮಾಡಿದ್ರ ಪಾನಾ ಗಾಡಿ ಮೈಗೆ ತಾಗಿ ಕಿಡಿ ಹಾರ್ತದ.

ವಾಯರು ಬಿಚ್ಚಿದ್ರೂ ತಿಂಗಳಿಗೊಮ್ಮೆ ಚಾರ್ಜ್ ಬೇಕೇ ಬೇಕು. ಬ್ಯಾಟರಿ ತನ್ನಷ್ಟಕ್ಕ ತಾನೇ ಇಳೀತದ, ಬಿಸಿಲು ಹೆಚ್ಚಾದಂಗ ಬ್ಯಾಗ ಇಳೀತದ. ಚಳಿ ದೇಶದಾಗ ಅಡಗಿ ಕೋಣಿ, ಹಾಸಿಗಿ ಎಲ್ಲಾ ಒಳಗೇ ಇರೋ ಮನಿಯಂಥ ಗಾಡಿ ಅದಾವ. ಚಳಿಗಾಲ ಪೂರ್ತಿ ಅವನ್ನ ನಿಲ್ಲಿಸಿ ಬಿಡ್ತಾರ. ಅಲ್ಲಿ ಖಾಲಿ ಬ್ಯಾಟರಿಯೊಳಗಿನ ನೀರು ಹೆಪ್ಪುಗಟ್ಟಿ ಡಬ್ಬಿ ಒಡೀತದ, ಅದಕ್ಕ ಚಾರ್ಜ್ ಮಾಡಿ ಇಡ್ತಾರ. ನಮಗ ರಾಯಚೂರು ಜಿಲ್ಲಾದ ಬಿಸಿಲು, 40 ಡಿಗ್ರಿ ದಾಟತದ. ಅವರಿಗೆ ಚಳಿಗಾಲ ಹೆಂಗೋ ನಮಗ ಚೈತ್ರ ವೈಶಾಖ ಹಂಗ.

ಇಳಿದ ಬ್ಯಾಟರಿ ಹಂಗೇ ಬಿಟ್ರ, ನೀರು ಕಾಸೋ ಹಂಡ್ಯಾಗ ಸುಣ್ಣ ಕಟ್ಟಿದಂಗ ಒಳಗಿನ ಸೀಸದ ತಗಡಿಗೆ ಬಿಳಿ ಪದರು ಗಟ್ಟಿ ಆಗ್ತದ. ಆಮ್ಯಾಲ ಎಷ್ಟು ಚಾರ್ಜ್ ಮಾಡಿದ್ರೂ ಹಿಡಿಯಂಗಿಲ್ಲ. ನಮ್ಮದು ಹಂಗೇ ಹೋತು, ಹೊಸಾದು ತರಬೇಕಾತು.

ಈಗ ಒಂದು ಸಣ್ಣ ಚಾರ್ಜರ್, ಒಂದು ಮೀಟರ್ ಇಟ್ಕೊಂಡೀನಿ. ಗಾಡಿ ರಾತ್ರಿಯೆಲ್ಲಾ ನಿಂತ ಮ್ಯಾಲ ಮುಂಜಾನೆ ನೋಡಿದ್ರ 12.6 ತೋರಿಸಿದ್ರ ತುಂಬ್ಯಾದ, 12.4ಕ್ಕ ಬಂದ್ರ ಚಾರ್ಜಿಗೆ ಹಚ್ಚಬೇಕು, 12 ಅಂದ್ರ ಖಾಲಿ ಆದಂಗೇ. ಮೀಟರ್ ನೋಡಾಕ ನಾ ಓದಿದ ಪಿಯುಸಿ ಏನು, ನಾಕನೇ ಇಯತ್ತೆ ಸಾಕು. "ಹೆಣ್ಮಕ್ಕಳು ಬ್ಯಾಟರಿ ಮುಟ್ಟಬಾರದು" ಅಂತ ನಮ್ಮನಿಯವರು ಮೊದಲು ಅಂದ್ರು. ಮನ್ಯಾಗಿನ ಇನ್ವರ್ಟರಿಗೆ ಇಷ್ಟು ವರ್ಷ ನೀರು ಹಾಕಿದಾಕಿ ಯಾರು? 1985ರಿಂದ ನಮ್ಮ ಜಿಲ್ಲಾದ ಶಕ್ತಿನಗರದಾಗೇ ಕರೆಂಟ್ ಆಗ್ತದ, ಆದ್ರ ನಮ್ಮನಿಗೆ ಇನ್ವರ್ಟರ್ ಇಲ್ಲದ ನಡಿಯಂಗಿಲ್ಲ, ಆ ಮಾತು ಬ್ಯಾರೆ. ಅದಕ್ಕೂ ಡಿಸ್ಟಿಲ್ ನೀರೇ ಹಾಕ್ರಿ, ಬೋರಿನ ಸವಳು ನೀರು ಬ್ಯಾಡ. ಮಕ್ಕಳ ಊರಿಗೆ ಎರಡು ತಿಂಗಳು ಹೋಗೋರು ಮೇನ್ ಬಂದ್ ಮಾಡೋ ಮುಂದ ಇನ್ವರ್ಟರನ್ನೂ ಬಂದ್ ಮಾಡ್ರಿ, ಇಲ್ಲಂದ್ರ ಅದು ಬ್ಯಾಟರಿ ಕುಡಿದು ಖಾಲಿ ಮಾಡಿ ಇಡ್ತದ.

ಹೆದರಿಕಿ ಇರಬೇಕು ಖರೆ. ಚಾರ್ಜ್ ಆಗೋ ಮುಂದ ಉರಿ ಹತ್ತೋ ಗ್ಯಾಸ್ ಬರ್ತದ, ಒಲಿ, ದೀಪದ ಹತ್ತರ ಇಡಬ್ಯಾಡ್ರಿ, ಗಾಳಿ ಆಡೋ ಪಡಸಾಲಿ ಚೊಲೋ. ಹಳೇ ಸೀರಿ ಉಟ್ಕೊಂಡು ಮಾಡ್ರಿ. ಆಸಿಡ್ ಹನಿ ಬಿದ್ದದ್ದು ಅವತ್ತು ಕಾಣಂಗಿಲ್ಲ, ಒಗೆದ ಮ್ಯಾಲ ತೂತು ಕಾಣ್ತಾವ. ನನ್ನ ಇಳಕಲ್ಲ ಸೀರಿ ಒಂದು ಹೋತು.

ನಮ್ಮ ಓಣ್ಯಾಗ ಹಿಂಗ ನಿಂತ ಕಾರು ಇನ್ನೂ ಅದಾವ. ಯಾರಿಗಾರ ಬೇಕಾದ್ರ ನನ್ನ ಚಾರ್ಜರ್ ಒಂದು ರಾತ್ರಿ ಮಟ್ಟಿಗೆ ಒಯ್ರಿ. ಕ್ಲಿಪ್ಪು ಎರಡೂ ಎಣಿಸಿ ವಾಪಸ್ ಕೊಡ್ರಿ, ಹ್ವಾದ ಸಲ ಒಂದೇ ಬಂದಿತ್ತು.