ಎರಡು ಮನೆಯ ವಾಟ

ಹೋದ ಭಾನುವಾರ ಬೆಳಿಗ್ಗೆ ಅಕ್ಕನ ಮಗ ಯಲಹಂಕ ನ್ಯೂಟೌನಿನಿಂದ ಫೋನು ಮಾಡಿ, "ಮಾಮ, ಮನೆ ಕಟ್ಟಿಸುವಾಗ ನೀವೊಂದು ರಸಮಟ್ಟ ತಗೊಂಡಿದ್ರಲ್ಲ, ಇನ್ನೂ ಇದೆಯಾ? ಇದ್ದರೆ ತಗೊಂಡು ಬನ್ನಿ" ಅಂದ. ಇದೆ. ಮೇಸ್ತ್ರಿಯ ಕಣ್ಣಳತೆಯ ಮೇಲೆ ನಂಬಿಕೆ ಸಾಲದೆ ಕೊಂಡದ್ದು. ಕೊಂಡ ಮೇಲೆ ಅವನ ಕಣ್ಣೇ ಸರಿಯಾಗಿತ್ತು ಅಂತ ಗೊತ್ತಾಯಿತು. ಇವನ ಬಾತ್‌ರೂಮಿನಲ್ಲಿ ನೀರು ನಿಲ್ಲುತ್ತಿರಬೇಕು, ವಾಟ ತಪ್ಪಿರಬೇಕು ಅಂದುಕೊಂಡು ಆರ್.ಟಿ. ನಗರದಿಂದ ಹೊರಟೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಭಾನುವಾರ ಅಂತ ಏನೂ ರಿಯಾಯಿತಿ ಇರಲಿಲ್ಲ.

ನೀರು ನಿಂತಿರಲಿಲ್ಲ. ಹಾಲಿನಲ್ಲಿ, ಊಟದ ಮೇಜು ಇರಬೇಕಾದ ಜಾಗದಲ್ಲಿ ಒಂದು ಪಿನ್‌ಬಾಲ್ ಯಂತ್ರ ನಿಂತಿತ್ತು. ಅಮೆರಿಕದಲ್ಲಿ ಒಂಬತ್ತು ವರ್ಷ ಇದ್ದು ವಾಪಸು ಬರುವಾಗ ಸೋಫಾ, ಮಂಚಗಳ ಜೊತೆ ಕಂಟೇನರಿನಲ್ಲಿ ತುಂಬಿಸಿಕೊಂಡು ಬಂದದ್ದು. ನೂರು ಕೆಜಿಗೂ ಮೀರಿದ ಪೆಟ್ಟಿಗೆ, ನಾಲ್ಕು ಕಬ್ಬಿಣದ ಕಾಲು, ಗಾಜಿನ ಕೆಳಗೆ ಜಾತ್ರೆಯಂಥ ದೀಪ. "ಇವತ್ತು ರಾತ್ರಿ ಮ್ಯಾಚ್ ಇದೆ ಮಾಮ. ಗುಂಡು ಎಡಕ್ಕೆ ಎಳೀತಿದೆ" ಅಂದ.

ಎಳೆಯದೆ ಇನ್ನೇನು? ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆಯುವ ಮನೆಗಳು ನಮ್ಮವು. ಟೈಲ್ಸ್ ಹಾಕುವವನು ಕೇಳದಿದ್ದರೂ ಬಾಗಿಲ ಕಡೆಗೋ ಬಾಲ್ಕನಿ ಕಡೆಗೋ ಕೂದಲೆಳೆಯಷ್ಟು ವಾಟ ಕೊಟ್ಟೇ ಇರುತ್ತಾನೆ. ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಸ್ಟರ್ನ್ ಕಂಪನಿಯವರು ಯಂತ್ರ ಮಾಡುವಾಗ ಈ ಸಂಗತಿ ಅವರ ಲೆಕ್ಕದಲ್ಲಿ ಇರಲಾರದು. ಅವರ ಲೆಕ್ಕ ಬೇರೆ: ಆಡುವ ಹಲಗೆ ಮುಂದಕ್ಕೆ ಸುಮಾರು 6.5 ಡಿಗ್ರಿ ಇಳಿಜಾರಾಗಿರಬೇಕು, ಎಡಬಲಕ್ಕೆ ಪೂರ್ತಿ ಮಟ್ಟವಾಗಿರಬೇಕು. ಅದಕ್ಕೆಂದೇ ಪ್ರತಿ ಕಾಲಿನ ತುದಿಗೂ ಏರಿಸಿ ಇಳಿಸುವ ತಿರುಪು. ಮೇಲೆ ಓಡುವುದು 27 ಮಿಲಿಮೀಟರ್ ಅಗಲದ, 80 ಗ್ರಾಂ ತೂಗುವ ಉಕ್ಕಿನ ಗುಂಡು. ಅರ್ಧ ಡಿಗ್ರಿ ಹೆಚ್ಚಾದರೆ ಅದರ ಓಟವೇ ಬೇರೆ, ಆಡುವವನ ಎದೆಬಡಿತವೂ ಬೇರೆ.

ಅವನು ನೆಲದ ಮೇಲೆ ಅಂಗಾತ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದ. ನಾನು ರಸಮಟ್ಟದ ಗುಳ್ಳೆ ನೋಡುತ್ತಾ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಅನ್ನುತ್ತಿದ್ದೆ. ನಡುವೆ ವಿಷಯ ತಿಳಿಯಿತು. 2021ರಿಂದ ಈ ಕಂಪನಿಯ ಯಂತ್ರಗಳನ್ನು ಮನೆಯ ವೈಫೈಗೆ ಸೇರಿಸಬಹುದಂತೆ. ಹಾಲಿನ ಅಂಗಡಿಯಲ್ಲಿ ದುಡ್ಡು ಕೊಡಲು ನಾವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಇದೆಯಲ್ಲ, ಅಂಥದ್ದನ್ನು ಫೋನಿನಲ್ಲಿ ತೆರೆದು ಯಂತ್ರದ ಕಣ್ಣಿಗೆ ಹಿಡಿದರೆ, ಆಡುತ್ತಿರುವವನು ಯಾರು ಅಂತ ಅದಕ್ಕೆ ಗೊತ್ತಾಗುತ್ತದೆ. ಆಟ ಮುಗಿದ ಕ್ಷಣವೇ ಗಳಿಸಿದ ಅಂಕ ಎಲ್ಲರಿಗೂ ಕಾಣುವ ಪಟ್ಟಿಗೆ ಏರುತ್ತದೆ. ಇವನ ಎದುರಾಳಿ ಇಲಿನಾಯ್‌ನಲ್ಲಿರುವ ದಾವಣಗೆರೆಯ ಹುಡುಗ, ಹಳೆಯ ಸಹೋದ್ಯೋಗಿ. ಅವನ ನೆಲಮಾಳಿಗೆಯಲ್ಲೂ ಇದೇ ಯಂತ್ರ.

"ಅವನ ಯಂತ್ರದ ವಾಟ ಎಷ್ಟಿದೆ ಅಂತ ನಿನಗೆ ಹೇಗೆ ಗೊತ್ತು?" ಅಂದೆ. ಅವನು ಯಂತ್ರದ ಕೆಳಗಿಂದ ತಲೆ ಹೊರಗೆ ಹಾಕಿದ. ಉತ್ತರ ಹೇಳಲಿಲ್ಲ.

ಈ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳಿದ್ದಲ್ಲ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಒಂದು ಬ್ಯಾಗಟೆಲ್ ಬೋರ್ಡು ಇತ್ತು. ಮೊಳದುದ್ದದ ಪ್ಲೈವುಡ್ ಹಲಗೆ, ಮೇಲ್ತುದಿ ಕಮಾನಿನ ಹಾಗೆ ಗುಂಡಗೆ, ಒಳಗೆಲ್ಲ ಮೊಳೆಗಳ ಬೇಲಿ, ಬಲಗಡೆ ಸ್ಪ್ರಿಂಗಿನ ಕೋಲು, ಹತ್ತು ಉಕ್ಕಿನ ಗುಂಡು. ಕೋಲು ಎಳೆದು ಬಿಟ್ಟರೆ ಗುಂಡು ಮೇಲೆ ಹೋಗಿ, ಮೊಳೆಗಳಿಗೆ ಟಕಟಕ ಬಡಿಯುತ್ತಾ ಇಳಿದು ಯಾವುದೋ ಒಂದು ಅಂಕದ ಗೂಡಿನಲ್ಲಿ ಕೂರುತ್ತಿತ್ತು. ಗುಂಡು ಕಳೆದುಹೋದರೆ ಸೈಕಲ್ ಶಾಪಿನವನು ಹಳೇ ಬೇರಿಂಗಿನಿಂದ ಒಂದು ಕೊಡುತ್ತಿದ್ದ; ಅದು ಸ್ವಲ್ಪ ದಪ್ಪ, ಹಾಗಾಗಿ ಅದೃಷ್ಟದ್ದು.

ಧಾರವಾಡದಲ್ಲಿ ಚಿಕ್ಕಮ್ಮನ ಮಗನ ಹತ್ತಿರವೂ ಅಂಥದ್ದೇ ಬೋರ್ಡು. ಒಂದು ಬೇಸಿಗೆ ಎರಡು ಮನೆಗೂ ಇನ್‌ಲ್ಯಾಂಡ್ ಲೆಟರಿನಲ್ಲಿ ಪಂದ್ಯ ನಡೆಯಿತು. ವಾರಕ್ಕೆ ಹತ್ತು ಗುಂಡಿನ ಒಂದು ಸುತ್ತು, ಅಂಕ ಬರೆದು ಟಪಾಲಿಗೆ ಹಾಕುವುದು. ಸುಳ್ಳು ಬರೆಯಬಹುದಲ್ಲ? ಅದಕ್ಕೆ ಅಜ್ಜ ಕೆಳಗೆ "ಕಂಡಿದ್ದೇನೆ" ಅಂತ ಬರೆದು ರುಜು ಹಾಕುತ್ತಿದ್ದರು. ರೆವಿನ್ಯೂ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದವರು, ಕಾಣದ್ದಕ್ಕೆ ರುಜು ಹಾಕಿದವರಲ್ಲ. ಸುತ್ತು ಮುಗಿಯುವ ತನಕ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಆದರೂ ಧಾರವಾಡದವನು ವಾರ ವಾರ ಗೆಲ್ಲುತ್ತಲೇ ಹೋದ. ದಸರಾ ರಜೆಯಲ್ಲಿ ಅಲ್ಲಿಗೆ ಹೋದಾಗ ಗುಟ್ಟು ಬಯಲಾಯಿತು. ಬೋರ್ಡಿನ ತಲೆಯ ಕೆಳಗೆ ಪಂಚಾಂಗ ಇಡಬೇಕು ಅಂತ ಮಾತಾಗಿತ್ತು. ನಾವು ಇಟ್ಟದ್ದು ಒಂಟಿಕೊಪ್ಪಲ್ ಪಂಚಾಂಗ. ಅವರ ಮನೆಯಲ್ಲಿ ಮಠದ ಪಂಚಾಂಗ, ಅದು ತೆಳ್ಳಗೆ. ಅವನ ಗುಂಡು ನಿಧಾನಕ್ಕೆ, ಯೋಚನೆ ಮಾಡುತ್ತಾ ಇಳಿಯುತ್ತಿತ್ತು. ನಮ್ಮದು ಬಿದ್ದಂಬೀಳ ಓಡಿ ಕೆಳಗಿನ ಸೊನ್ನೆಗೆ ಹೋಗುತ್ತಿತ್ತು. ಜಗಳ ತೆಗೆದರೆ ಅವನು, "ನಿಮ್ಮ ಪಂಚಾಂಗ ದಪ್ಪ ಅದ, ಅದಕ್ಕ ನಾವೇನ್ ಮಾಡೂಣು?" ಅಂದ. ಅಜ್ಜನ ರುಜು ಅಂಕಕ್ಕೆ ಸಾಕ್ಷಿಯಾಗಿತ್ತು, ವಾಟಕ್ಕಲ್ಲ.

ಆ ಆಟದ ಹಲಗೆಯೇ ಪಿನ್‌ಬಾಲ್ ಯಂತ್ರದ ಮುತ್ತಜ್ಜ. 1871ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬಾತ ಸ್ಪ್ರಿಂಗಿನ ಕೋಲಿಗೆ ಪೇಟೆಂಟ್ ಪಡೆದ. 1931ರಲ್ಲಿ ಗಾಟ್ಲೀಬ್ ಕಂಪನಿಯ ಬ್ಯಾಫಲ್ ಬಾಲ್ ಬಂದು ಆಟ ಅಂಗಡಿ ಅಂಗಡಿಗೆ ಹರಡಿತು. 1947ರ ಹಂಪ್ಟಿ ಡಂಪ್ಟಿ ಯಂತ್ರ ಬರುವ ತನಕ ಗುಂಡನ್ನು ತಿರುಗಿ ಹೊಡೆಯಲು ರೆಕ್ಕೆಗಳೇ ಇರಲಿಲ್ಲ. ಬಿಟ್ಟ ಮೇಲೆ ದೇವರ ಚಿತ್ತ. ಹಾಗಾಗಿ ಇದು ಜೂಜು ಅಂತ ನ್ಯೂಯಾರ್ಕ್ ನಗರ 1942ರಲ್ಲಿ ನಿಷೇಧಿಸಿತು. ಮೇಯರ್ ಲಾಗಾರ್ಡಿಯಾ ಸುತ್ತಿಗೆ ಹಿಡಿದು ಯಂತ್ರ ಒಡೆಯುವ ಫೋಟೋಗಳಿವೆ. ನಿಷೇಧ ತೆರವಾಗಿದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಯುವ ಬರಹಗಾರ ನಗರಸಭೆಯ ಸದಸ್ಯರೆದುರು ಯಂತ್ರ ಆಡಿದ. ಈಗ ಗುಂಡು ನಡುವಿನ ಓಣಿಯಲ್ಲೇ ಇಳಿಯುತ್ತದೆ ಅಂತ ಮೊದಲೇ ಹೇಳಿ ಕೋಲು ಎಳೆದ. ಇಳಿಯಿತು.

ಕೈಚಳಕವೋ ಅದೃಷ್ಟವೋ ಎಂಬ ಈ ವ್ಯಾಜ್ಯದಲ್ಲಿ ನಮ್ಮ ಊರಿನ ಪಾಲೂ ದೊಡ್ಡದು. ಮನೆಯಲ್ಲಿ ಕೂತು ದೂರದವರೊಡನೆ ಸ್ಪರ್ಧಿಸುವ ಆಟವನ್ನು ಬೆಂಗಳೂರು ಅಂತರ್ಜಾಲಕ್ಕಿಂತ ದಶಕಗಳ ಮೊದಲೇ ನಡೆಸಿತ್ತು. ರೆಸಿಡೆನ್ಸಿ ರಸ್ತೆಯಲ್ಲಿ ಆರ್‌ಎಂಡಿಸಿ ಮೈಸೂರು ಎಂಬ ಕಂಪನಿ ಇತ್ತು, ನಡೆಸುತ್ತಿದ್ದವರು ಚಮಾರ್‌ಬಾಗ್‌ವಾಲಾ. ಇಲ್ಲಿಂದ ಹೊರಡುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಎಂಬ ವಾರಪತ್ರಿಕೆಯಲ್ಲಿ ಬಹುಮಾನದ ಪದಬಂಧ ಅಚ್ಚಾಗುತ್ತಿತ್ತು. ಮುಂಬಯಿ ಪ್ರಾಂತದ ಜನ ಅಲ್ಲಲ್ಲೇ ಫಾರಂ ತುಂಬಿ, ಅಲ್ಲಲ್ಲೇ ಇದ್ದ ಏಜೆಂಟರ ಹತ್ತಿರ ದುಡ್ಡು ಕಟ್ಟುತ್ತಿದ್ದರು. ಮುಂಬಯಿ ಸರ್ಕಾರ 1952ರಲ್ಲಿ ಕಾಯಿದೆ ತಿದ್ದಿ, ಹೊರರಾಜ್ಯದಲ್ಲಿ ಅಚ್ಚಾಗುವ ಪತ್ರಿಕೆಯ ಸ್ಪರ್ಧೆಗೂ ತೆರಿಗೆ ಹಾಕಿತು. ಕಂಪನಿ ಕೋರ್ಟಿಗೆ ಹೋಯಿತು: ಆಟ ನಡೆಯುವುದು ಬೆಂಗಳೂರಿನಲ್ಲಿ, ನಿಮಗೇಕೆ ತೆರಿಗೆ?

1957ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ. ಆಡುವವನು ಕೂತದ್ದು ಮುಂಬಯಿಯಲ್ಲಿ, ಬರೆದದ್ದು ಅಲ್ಲಿ, ದುಡ್ಡು ಕೊಟ್ಟದ್ದು ಅಲ್ಲಿ. ಹಾಗಾಗಿ ತೆರಿಗೆ ಸರಿ. ಇನ್ನೊಂದು ಮಾತು, ಈ ಪದಬಂಧ ಜಾಣ್ಮೆಯ ಆಟವೇ ಅಲ್ಲ. ಒಂದು ಸುಳಿವಿಗೆ ಎರಡು ಪದಗಳು ಸಮನಾಗಿ ಒಗ್ಗುವಾಗ ಯಾವುದು ಸರಿ ಎಂಬುದು ನಡೆಸುವವರ ಮರ್ಜಿಗೆ ಬಿಟ್ಟದ್ದು, ಆಡುವವನು ಊಹಿಸಬೇಕು ಅಷ್ಟೆ. ಇವತ್ತಿಗೂ ಆನ್‌ಲೈನ್ ಆಟದ ಮೊಕದ್ದಮೆಗಳಲ್ಲಿ ವಕೀಲರು ಮೊದಲು ತೆಗೆಯುವ ತೀರ್ಪು ಇದು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ತಡೆದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂತು. ಅದರ ಒಳಸುಳಿ ಇಲ್ಲಿ ಬೇಡ. ಅಕ್ಕನ ಮಗ ಹಣ ಕಟ್ಟಿ ಆಡುವುದಿಲ್ಲ, ಸೋತವನು ಗೆದ್ದವನಿಗೆ ಮುಂದಿನ ಸಲ ಮಸಾಲೆದೋಸೆ ಕೊಡಿಸಬೇಕು, ಅಷ್ಟೇ ಪಣ. ನನ್ನ ಗಮನಕ್ಕೆ ಬಂದದ್ದು ತೀರ್ಪಿನ ಮೊದಲ ಅರ್ಧ: ಆಟ ನಡೆಯುವುದು ಆಡುವವನು ಕೂತ ಮನೆಯಲ್ಲಿ. ಅಲ್ಲಿನ ನೆಲದ ಮೇಲೆ.

ಚದುರಂಗದವರಿಗೆ ಈ ತೊಂದರೆ ಇಲ್ಲ. ಅಲ್ಲಿಯೂ ಮನೆಗಳಿವೆ, 64, ಆದರೆ ಯಾವ ಮನೆಗೂ ವಾಟವಿಲ್ಲ. 1828ರಲ್ಲೇ ಮದರಾಸು ಮತ್ತು ಹೈದರಾಬಾದಿನ ಆಟಗಾರರು ಟಪಾಲಿನಲ್ಲಿ ಚದುರಂಗ ಆಡಿದ್ದರು. 1844ರಲ್ಲಿ ವಾಷಿಂಗ್ಟನ್‌ಗೂ ಬಾಲ್ಟಿಮೋರ್‌ಗೂ ತಂತಿ ಎಳೆದ ವರ್ಷವೇ ಅದರ ಮೇಲೆ ಆಟ ಹರಿಯಿತು. ಕುದುರೆ ಯಾವ ಮನೆಗೆ ಹಾರಿತು ಅಂತ ತಿಳಿಸಿದರೆ ಆಟ ಪೂರ್ತಿ ತಿಳಿಸಿದಂತೆ. ಆನೆ ಮರದ್ದೋ ದಂತದ್ದೋ, ಜಾರುತ್ತದೋ ಇಲ್ಲವೋ ಯಾರಿಗೂ ಬೇಕಿಲ್ಲ. ಪಿನ್‌ಬಾಲ್ ಹಾಗಲ್ಲ, ಅದು ಕೇರಂ ಮತ್ತು ಲಗೋರಿಯ ಜಾತಿ. ಕೇರಂ ಬೋರ್ಡಿಗೆ ಬೋರಿಕ್ ಪೌಡರ್ ಎಷ್ಟು ಹಾಕಿದ್ದಾರೆ ಅನ್ನುವುದೇ ಅರ್ಧ ಆಟ.

ಅಕ್ಕನ ಮಗ ಯಂತ್ರದ ಒಳಗೆ ಇನ್ನೊಂದು ವಸ್ತು ತೋರಿಸಿದ. ಮೇಸ್ತ್ರಿಯ ತೂಕಗುಂಡಿನಂಥದ್ದು, ಒಂದು ಲೋಹದ ಬಳೆಯ ನಡುವೆ ತೂಗುಬಿಟ್ಟಿದೆ. ಆಡುವವನು ಯಂತ್ರವನ್ನು ಸೊಂಟದಿಂದ ಒಂದಿಷ್ಟು ನೂಕಬಹುದು, ಅದು ಆಟದ ಮರ್ಯಾದೆಯೊಳಗೇ ಇದೆ, ಬಲ್ಲವರು ಚೆನ್ನಾಗಿ ನೂಕುತ್ತಾರೆ. ಹೆಚ್ಚು ನೂಕಿದರೆ ತೂಕಗುಂಡು ಬಳೆಗೆ ತಾಗಿ ಕರೆಂಟು ಕೂಡುತ್ತದೆ, ರೆಕ್ಕೆಗಳು ಸತ್ತುಹೋಗುತ್ತವೆ, ಗುಂಡು ಕೈತಪ್ಪುತ್ತದೆ. ಇದಕ್ಕೆ ಟಿಲ್ಟ್ ಅನ್ನುತ್ತಾರೆ. ಆ ತೂಕಗುಂಡನ್ನು ಎಷ್ಟು ಮೇಲೆ, ಎಷ್ಟು ಕೆಳಗೆ ಕಟ್ಟಬೇಕು? ಅದು ಯಂತ್ರದ ಯಜಮಾನನ ಇಷ್ಟ. ಒಂದು ಪಂದ್ಯಕ್ಕೆ ಎಷ್ಟು ಗುಂಡು, ಹೆಚ್ಚುವರಿ ಗುಂಡು ಉಂಟೋ ಇಲ್ಲವೋ ಇವೆಲ್ಲ ಸಾಫ್ಟ್‌ವೇರಿನಲ್ಲಿ ಇರುವಂಥವು, ವೈಫೈ ದಾಟಿ ಹೋಗಬಲ್ಲವು. ತೂಕಗುಂಡಿನ ಎತ್ತರ ಹೋಗುವುದಿಲ್ಲ. ಸವೆದ ರಬ್ಬರು, ಒರೆಸದ ಹಲಗೆಯ ಧೂಳು, ಕಾಲಿನ ತಿರುಪು ಯಾವುದೂ ಹೋಗುವುದಿಲ್ಲ. ಒಂದೇ ಯಂತ್ರದ ಮುಂದೆ ಸರದಿಯಲ್ಲಿ ನಿಂತು ಆಡುವ ಪಂದ್ಯದಲ್ಲಿ ಇವು ಎಲ್ಲರಿಗೂ ಒಂದೇ, ಆದ್ದರಿಂದ ಯಾರೂ ಕೇಳುವುದಿಲ್ಲ. ಯಂತ್ರ ಎರಡಾದ ಕ್ಷಣ ಎಲ್ಲವನ್ನೂ ಕೇಳಬೇಕು.

ಹಾಗಂತ ದಾಟಬಲ್ಲದ್ದನ್ನೆಲ್ಲ ಜಾಲ ಸರಿಯಾಗಿ ದಾಟಿಸುತ್ತದೆ ಅಂತಲೂ ಇಲ್ಲ. 2020ರ ಆಗಸ್ಟ್ 30ರಂದು ಚದುರಂಗದ ಆನ್‌ಲೈನ್ ಒಲಿಂಪಿಯಾಡಿನ ಫೈನಲ್ಲಿನಲ್ಲಿ ಭಾರತ ಮತ್ತು ರಷ್ಯಾ ಎದುರಾಗಿದ್ದವು. ನಿಹಾಲ್ ಸರೀನ್, ದಿವ್ಯಾ ದೇಶ್‌ಮುಖ್ ಇಬ್ಬರ ಸಂಪರ್ಕವೂ ಆಟದ ನಡುವೆ ಕಡಿದು, ಗಡಿಯಾರ ಓಡಿ ಸೋಲಾಯಿತು. ಆ ಹೊತ್ತಿನಲ್ಲಿ ಜಗತ್ತಿನ ಹಲವು ಕಡೆ ಜಾಲ ಕೆಟ್ಟಿತ್ತು. ಭಾರತ ಮನವಿ ಕೊಟ್ಟಿತು, ವಿಶ್ವ ಚದುರಂಗ ಸಂಸ್ಥೆ ಫಿಡೆಯ ಅಧ್ಯಕ್ಷ ಅರ್ಕಾಡಿ ದ್ವೋರ್ಕೊವಿಚ್ ಎರಡೂ ತಂಡಕ್ಕೆ ಚಿನ್ನ ಘೋಷಿಸಿದರು. ವಾಟವೇ ಇಲ್ಲದ ಮನೆಗಳ ಆಟದಲ್ಲೂ ಕೊನೆಗೆ ಒಬ್ಬ ಹಿರಿಯರು ಕೂತು ಹೇಳಬೇಕಾಯಿತು.

ಗುಳ್ಳೆ ನಡುವಿಗೆ ಬಂತು. ಇವನು ರಸಮಟ್ಟದ ಫೋಟೋ ತೆಗೆದು ದಾವಣಗೆರೆಯವನಿಗೆ ಕಳಿಸಿ, ನಿನ್ನದೂ ಕಳಿಸು ಅಂತ ಬರೆದ. ಅಲ್ಲಿ ನಡುರಾತ್ರಿ ಕಳೆದಿತ್ತು, ಅಲ್ಲಿ ಬೆಳಗಾದ ಮೇಲೆ ಉತ್ತರ ಬಂತು. ಅವನ ಹತ್ತಿರ ರಸಮಟ್ಟ ಇರಲಿಲ್ಲ. ಗಾಜಿನ ಮೇಲೆ ತಟ್ಟೆಯಲ್ಲಿ ನೀರು ಇಟ್ಟು ಎಡಬಲ ನೋಡಿ, ಇಳಿಜಾರನ್ನು ಫೋನಿನಲ್ಲಿ ಅಳೆದಿದ್ದ: 6.4. ಇವನು ಮತ್ತೆ ನೆಲದ ಮೇಲೆ ಮಲಗಿ ತನ್ನದನ್ನೂ 6.4ಕ್ಕೆ ಇಳಿಸಿದ. ಅಕ್ಕ ಅಡಿಗೆಮನೆಯಿಂದ, "ಇಷ್ಟು ಶ್ರದ್ಧೆ ಆ ಸಿಂಕಿನ ನಲ್ಲಿ ಮೇಲೆ ತೋರಿಸಿದ್ರೆ ಆಗ್ತಿತ್ತು" ಅಂದಳು.

ರಾತ್ರಿ ಒಂಬತ್ತೂವರೆಗೆ ಆಟ ಶುರುವಾಯಿತು. ಮೂರನೆಯ ಗುಂಡು ಮೇಲಿರುವಾಗ ಹೊರಗೆ ಮಳೆ, ಒಂದು ಗುಡುಗು, ಕರೆಂಟು ಹೋಯಿತು. ವೈಫೈಗೆ ಯುಪಿಎಸ್ ಇತ್ತು, ಯಂತ್ರಕ್ಕಿರಲಿಲ್ಲ. ಮತ್ತೆ ದೀಪ ಬಂದಾಗ ಯಂತ್ರ ಏನೂ ಆಗದ ಹಾಗೆ ಹೊಸ ಆಟಕ್ಕೆ ಕರೆಯುತ್ತಿತ್ತು, ಪಟ್ಟಿಯಲ್ಲಿ ಅವತ್ತಿನ ಅಂಕವೇ ಇಲ್ಲ. ದಾವಣಗೆರೆಯವನಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅವನ ದನಿ: "ಎಷ್ಟಾಗಿತ್ತು ಹೇಳಪ್ಪ, ಬರ್ಕೋತೀನಿ."

ಕರೆಂಟು ಹೋಗುವ ಮುಂಚೆ ನಾನೂ ಅಂಕದ ಹಲಗೆ ನೋಡುತ್ತಿದ್ದೆ. ನಾಲ್ಕು ಕೋಟಿ ಇಪ್ಪತ್ತು ಲಕ್ಷ ದಾಟಿತ್ತು. ಇವನು ಒಂದು ಗಳಿಗೆ ನನ್ನ ಮುಖ ನೋಡಿದ.

"ನಾಲ್ಕು ಕೋಟಿ ಹದಿನೈದು ಅಂತ ಬರ್ಕೋ" ಅಂದ.